ಕೂಗದವಳ ಮಂಚ

ನನ್ನ ದನಿ ಬಾಗಿಲ ಪಕ್ಕದ ಮಂಚದಿಂದ ಮೂಲೆಯ ಮಂಚದವರೆಗೆ ಹೋಗುವುದಿಲ್ಲ. ಇದನ್ನು ಡೈರಿಯಲ್ಲಿ ಬರೆದುಕೊಂಡಿದ್ದೆನೇ ಹೊರತು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೆರಿಗೆ ಶುಶ್ರೂಷೆಯಲ್ಲಿ ಪದವಿ ಮುಗಿಸಿದ್ದೆ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುವುದಕ್ಕೆ, ಹೊಕ್ಕುಳಬಳ್ಳಿ ಕತ್ತರಿಸುವುದಕ್ಕೆ, ರಕ್ತ ನಿಲ್ಲಿಸುವುದಕ್ಕೆ ಕೈ ಪಳಗಿತ್ತು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ತರಬೇತಿಗೆ ಸೇರಿದ ಮೇಲೆ ಗೊತ್ತಾಯಿತು, ಅಲ್ಲಿ ಕೈಗಿಂತ ಗಂಟಲಿಗೆ ಬೆಲೆ ಹೆಚ್ಚು.

ಜೊತೆಯ ಹುಡುಗಿಯರು ನನಗೆ ‘ಹತ್ತಿ’ ಎಂದು ಹೆಸರಿಟ್ಟರು. ಬಿದ್ದರೂ ಸದ್ದಾಗದವಳು ಎಂದು. ಆ ಹೆಸರು ಅಮ್ಮನ ಕಿವಿಗೂ ಬಿತ್ತು. ಬೀಳದೆ ಏನು, ಆ ವಾರ್ಡಿನ ಮುಖ್ಯ ಸಿಸ್ಟರ್ ಅವಳೇ. ಅವಳು ಒಪ್ಪಿಗೆ ಕೊಟ್ಟರೆ ಮಾತ್ರ ನನ್ನ ಕೆಲಸ ಖಾಯಂ. ಮಗಳೆಂದು ರಿಯಾಯಿತಿ ತೋರಿಸುವ ಹೆಂಗಸಲ್ಲ ಅವಳು.

“ಇವತ್ತು ಆ ಹೆಂಗಸು ಕಾಲು ಜೋಡಿಸಿಕೊಂಡು ಬಿಟ್ಲಲ್ಲ, ನೀನು ಅವಳಿಗೆ ಏನಂದೆ?” ಊಟಕ್ಕೆ ಕೂತಾಗ ಅಮ್ಮ ಕೇಳಿದಳು.

“ಸ್ವಲ್ಪ ಕಾಲು ಅಗಲಿಸಿ, ಅಂದೆ.”

“ಸ್ವಲ್ಪ! ಬಸ್ಸಲ್ಲಿ ಸೀಟು ಕೇಳ್ತಿದ್ಯೇನೇ?”

ಅಣ್ಣ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ. ಅವನದು ಲಿಫ್ಟ್ ರಿಪೇರಿ ಕೆಲಸ. “ಇವಳನ್ನ ನಮ್ಮ ಕಂಪನಿಗೆ ಕಳಿಸಮ್ಮ. ‘ದಯವಿಟ್ಟು ಬಾಗಿಲು ಮುಚ್ಚಿ’ ಅಂತ ಲಿಫ್ಟ್ ಒಳಗೆ ಹೇಳ್ತಾಳಲ್ಲ, ಆ ಹೆಂಗಸಿನ ಕೆಲಸ ಕೊಡಿಸ್ತೀನಿ.”

“ನಗಬೇಡ ಕಣೋ. ಮಗು ತಲೆ ಅರ್ಧ ಬಂದು ನಿಂತಿರುತ್ತೆ, ತಾಯಿ ಮಾತು ಕೇಳಲ್ಲ. ಆಗ ದಯವಿಟ್ಟು ಅಂತ ಕೂತರೆ ಮಗು ಕಾಯುತ್ತಾ? ನನ್ನ ಹತ್ರ ಬೈಸಿಕೊಂಡವರು, ಏಟು ತಿಂದವರು, ಎಲ್ಲರೂ ಮಗು ಎತ್ತಿಕೊಂಡು ಮನೆಗೆ ಹೋಗಿದ್ದಾರೆ. ಹೋಗುವಾಗ ಕಾಲಿಗೆ ಬಿದ್ದು ಹೋಗಿದ್ದಾರೆ.”

ಅದು ಸುಳ್ಳಲ್ಲ. ಅಂಗಡಿಯಲ್ಲೋ ರಸ್ತೆಯಲ್ಲೋ ಯಾವಳಾದರೂ ಹೆಂಗಸು ಓಡಿಬಂದು, “ದೊಡ್ಡ ಸಿಸ್ಟರ್, ಇವನೇ ನೋಡಿ, ಅವತ್ತು ನೀವು ಬೈದು ಬೈದು ಹೊರಗೆ ತಂದವನು” ಎಂದು ಮಗನನ್ನು ಮುಂದೆ ತಳ್ಳುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ.

ಹಾಗಾಗಿ ನನಗೆ ಮನೆಯಲ್ಲೇ ಬೈಯುವ ಪಾಠ ಶುರುವಾಯಿತು. ಪಾತ್ರೆ ತೊಳೆದಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸುವುದು, ಅಜ್ಜಿ ಅದರ ಮೇಲೆ ಬಸುರಿಯಾಗಿ ಮಲಗುವುದು, ನಾನು ಕಾಲ ಬಳಿ ನಿಂತು ಗದರುವುದು. ಅಪ್ಪನ ತಾಯಿ ಆಕೆ. ಅಪ್ಪ ಹೋದ ಮೇಲೂ ನಮ್ಮೊಂದಿಗೇ ಇದ್ದು, ಅಡುಗೆಮನೆ ತನ್ನದೇ ಎಂದು ಆಳುತ್ತಿದ್ದವಳು. ನಾಟಕವೆಂದರೆ ಅವಳಿಗೆ ಜೀವ.

“ಅಯ್ಯಯ್ಯೋ, ಸತ್ತೇ! ಡಾಕ್ಟ್ರನ್ನ ಕರೀರಿ! ನನ್ನ ಗಂಡನ್ನ ಹಿಡ್ಕೊಂಡು ಒದೀರಿ!”

“ಸುಮ್ಮನಿರಿ ಅಜ್ಜಿ,” ಎಂದೆ ನಾನು.

“ಅಜ್ಜಿ ಅಂತಾಳಲ್ಲೇ ಬಸುರೀನ!” ಅಜ್ಜಿ ಎದ್ದು ಕೂತು ನಕ್ಕಳು.

“ಬಾಯಿ ಮುಚ್ಚು ಅನ್ನು. ಹೊಟ್ಟೆಯಿಂದ ದನಿ ತೆಗಿ,” ಅಮ್ಮ ಕುರ್ಚಿಯಿಂದ ಹೇಳಿದಳು.

“ಬಾಯಿ ಮುಚ್ಚು.”

“ಹಾಲಿನವನಿಗೆ ನಾಳೆ ಬೇಡ ಅಂದ ಹಾಗಿದೆ.”

ಅತ್ತಿಗೆ ಗೋಡೆಗೊರಗಿ ಮರುದಿನಕ್ಕೆ ಹುರುಳಿಕಾಯಿ ಬಿಡಿಸುತ್ತ ನಗುತ್ತಿದ್ದರು. ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದಲ್ಲಿದ್ದವರು. ಎಂಟನೇ ತಿಂಗಳು ತುಂಬುತ್ತಿದ್ದುದರಿಂದ ಮನೆಯಲ್ಲಿದ್ದರು. ನಗುವಾಗ ಮಡಿಲಿನ ತಟ್ಟೆ ಹೊಟ್ಟೆಯ ಜೊತೆಗೆ ಕುಣಿಯುತ್ತಿತ್ತು.

ಒಂದು ದಿನ ಅಜ್ಜಿಗೆ ಮಂಡಿ ಹಿಡಿದುಕೊಂಡಿತು. “ಇವತ್ತು ನನ್ನ ಕೈಲಾಗಲ್ಲ, ಅಸಲಿ ಬಸುರೀನೇ ಇದ್ದಾಳಲ್ಲ, ಮಲಗಿಸಿಕೊಳ್ಳಿ,” ಎಂದಳು. ಅತ್ತಿಗೆ ನಾಚಿಕೊಂಡು ಮಲಗಿದರು.

“ಕೂಗಮ್ಮ,” ಎಂದಳು ಅಮ್ಮ.

ಅತ್ತಿಗೆ ಮೆಲ್ಲಗೆ ಕೂಗಿದರು. ನಾನು ಎಂದಿನಂತೆ ಏನೋ ಗೊಣಗಿದೆ.

“ತೊಡೆ ಮೇಲೆ ಒಂದು ಕೊಡು.”

ನಾನು ಬೆರಳ ತುದಿ ತಾಗಿಸಿದೆ.

“ಧೂಳು ಒರೆಸ್ತಿದ್ಯಾ? ಸರಿ, ಇಲ್ಲಿ ನೋಡು.” ಅಮ್ಮ ಎದ್ದುಬಂದು ಅಂಗೈ ಬಿಚ್ಚಿ ಅತ್ತಿಗೆಯ ತೊಡೆಗೆ ಒಂದು ಬಾರಿಸಿದಳು. ಚಟ್ ಎಂದಿತು. ಅತ್ತಿಗೆಯ ಕೂಗು ಅರ್ಧಕ್ಕೆ ನಿಂತಿತು.

“ಹೀಗೆ. ಕೂಗಿದ್ರೆ ಉಸಿರೆಲ್ಲ ಬಾಯಲ್ಲಿ ಹೋಗುತ್ತೆ, ಕೆಳಗೆ ಬಲ ಸಿಗಲ್ಲ. ಒಳ್ಳೇ ಹೆಣ್ಣು ಹಲ್ಲು ಕಚ್ಚಿಕೊಂಡು ಹೆರ್ತಾಳೆ.” ಆಮೇಲೆ ಅತ್ತಿಗೆಯ ತಲೆ ಸವರಿ ಕೇಳಿದಳು, “ನೋವಾಯ್ತೇನಮ್ಮ?”

“ಇಲ್ಲ ಅತ್ತೆ,” ಎಂದು ಅತ್ತಿಗೆ ನಕ್ಕರು. ಎಲ್ಲರೂ ನಕ್ಕೆವು.

ಮರುದಿನ ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಚುವಾಗ ಅತ್ತಿಗೆ ಹಾಸಿಗೆಯ ಬಟ್ಟೆಯ ಆ ಕಡೆಯ ತುದಿ ಹಿಡಿದುಕೊಂಡು ಕೇಳಿದರು, “ಪುಟ್ಟಿ, ಅಲ್ಲಿ ನಿಜವಾಗ್ಲೂ ಹೊಡೀತಾರಾ?”

“ಅಮ್ಮ ಇರ್ತಾಳಲ್ಲ ಅತ್ತಿಗೆ, ನಿಮಗ್ಯಾರು ಹೊಡೀತಾರೆ?”

“ಅತ್ತೆ ಇರ್ತಾರೆ ಅಂತಲೇ ಕೇಳಿದ್ದು.”

ಅತ್ತಿಗೆ ಬೇರೆ ಆಸ್ಪತ್ರೆಗೆ ಹೋಗಬಹುದಿತ್ತು. ಅವರ ಅಂಗಡಿಯ ಹತ್ತಿರವೇ ಚಿಕ್ಕದೊಂದು ಹೆರಿಗೆ ಮನೆ ಇತ್ತು. ಅವರು ಅಣ್ಣನ ಬಳಿ ಅದರ ಮಾತೆತ್ತಿದ್ದರಂತೆ. ಅಣ್ಣ ಅದನ್ನು ಊಟದ ಹೊತ್ತಿನಲ್ಲಿ ಎಲ್ಲರೆದುರು ತಂದಿಟ್ಟ.

“ನನ್ನ ವಾರ್ಡ್ ಬಿಟ್ಟು ನನ್ನ ಸೊಸೆ ಇನ್ನೊಂದು ಕಡೆ ಹೆರ್ತಾಳಾ?” ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ಊರಿನವರಿಗೆಲ್ಲ ನನ್ನ ಹತ್ರ ಬನ್ನಿ ಅಂತೀನಿ. ಕೇಳಿದವರಿಗೆ ಏನು ಹೇಳಲಿ?”

“ಹಾಗಲ್ಲ ಅತ್ತೆ. ನಿಮಗೆ ತೊಂದರೆ ಆಗಬಾರದು ಅಂತ...”

“ತೊಂದರೆ ಎಂಥದ್ದು? ನನ್ನ ಕೈಯಲ್ಲಿ ನನ್ನ ಮೊಮ್ಮಗು ಬಂದ್ರೆ ಅದು ತೊಂದರೇನಾ?”

ಅಲ್ಲಿಗೆ ಆ ಮಾತು ಮುಗಿಯಿತು. ಅದೇ ಹೊತ್ತಿಗೆ ಆಸ್ಪತ್ರೆಯ ಶುಶ್ರೂಷಾ ಶಾಲೆಯ ಮುಖ್ಯಸ್ಥೆ ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಅಮ್ಮನ ಹೆಸರು ಓಡಾಡುತ್ತಿತ್ತು. ಅಣ್ಣ ಆಗಲೇ ಅವಳನ್ನು ಪ್ರಿನ್ಸಿಪಾಲಮ್ಮ ಎಂದು ರೇಗಿಸಲು ಶುರುಮಾಡಿದ್ದ. ಅಮ್ಮ ಬೈದರೂ ಮುಖ ಅರಳುತ್ತಿತ್ತು.

ಆ ವಾರ್ಡಿನ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಮಗುವಿನ ಎದೆಬಡಿತವನ್ನು ಆಗಾಗ ಕೇಳುತ್ತಿರಬೇಕು ಎಂದು ನಮ್ಮ ಪುಸ್ತಕಗಳಲ್ಲಿದೆ. ಆದರೆ ಒಂದೊಂದು ಮಂಚದಲ್ಲಿ ಇಬ್ಬಿಬ್ಬರು, ಅವರಿಗೆ ಕೈಬೆರಳಲ್ಲಿ ಎಣಿಸುವಷ್ಟು ಸಿಸ್ಟರುಗಳು. ಯಾರ ಬಳಿ ಮೊದಲು ಓಡುವುದು? ಕೂಗು ಜೋರಾದವಳ ಬಳಿ. ಕೂಗು ಏರಿದರೆ ಹೊತ್ತು ಬಂತು, ಕೂಗಿಲ್ಲದಿದ್ದರೆ ಇನ್ನೂ ತಡ. ಇದನ್ನು ಯಾರೂ ಎಲ್ಲೂ ಬರೆದಿಲ್ಲ, ಹಿರಿಯರಿಂದ ಕಿರಿಯರಿಗೆ ಹಾಗೇ ಬಂದದ್ದು. ತೀರ ಸುಮ್ಮನಿರುವವಳನ್ನು ಮೂಲೆಯ ಮಂಚಕ್ಕೆ ಕಳಿಸುತ್ತಾರೆ. ಕೂಗಬೇಡ ಎಂದು ಹೊಡೆಯುವವರೂ ನಾವೇ, ಕೂಗು ಕೇಳಿ ಓಡುವವರೂ ನಾವೇ. ಅದರಲ್ಲಿ ಏನೋ ತಪ್ಪಿದೆ ಎಂದು ಆಗ ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಅತ್ತಿಗೆಗೆ ನೋವು ಬಂದದ್ದು ಒಂದು ಮುಂಜಾನೆ, ಅಜ್ಜಿ ಒಲೆ ಹಚ್ಚುವ ಹೊತ್ತಿಗೆ. ಅಣ್ಣ ಆಟೋ ತಂದ. ಅಮ್ಮ ಸಮವಸ್ತ್ರದಲ್ಲೇ ಸೊಸೆಯ ಪಕ್ಕ ಕೂತು ಹೋದಳು. ಅಂದು ನನ್ನ ಪಾಳಿ ಬಾಣಂತಿಯರ ವಾರ್ಡಿನಲ್ಲಿ. ಹುಟ್ಟಿದ ಮಕ್ಕಳನ್ನು ಒರೆಸಿ, ಬಟ್ಟೆ ಸುತ್ತಿ, ತಾಯಂದಿರಿಗೆ ಹಾಲು ಕುಡಿಸುವುದನ್ನು ಹೇಳಿಕೊಡುವ ಕೆಲಸ. ಮಧ್ಯಾಹ್ನ ಬಟ್ಟೆಯ ಗಂಟು ತರಲು ಪಡಸಾಲೆಗೆ ಬಂದಾಗ ಹೆರಿಗೆ ವಾರ್ಡಿನ ಒಳಗಿಂದ ಅಮ್ಮನ ದನಿ ಕೇಳಿಸಿತು. ಅದು ಕೇಳಿಸದ ಜಾಗ ಆ ಕಟ್ಟಡದಲ್ಲಿ ಇಲ್ಲ.

“ಏನ್ರೇ ಅದು ಸಂತೆ! ಆ ಮೂಲೆ ನೋಡ್ರಿ, ನನ್ನ ಸೊಸೆ ಅವಳು. ಬೆಳಗ್ಗೆಯಿಂದ ಒಂದು ಸದ್ದು ಮಾಡಿದ್ದಾಳಾ? ನಿಮಗೇನು ಬಂಗಾರದ ಹೊಟ್ಟೇನಾ?”

ಬಾಗಿಲ ಬಳಿಯ ಆಯಾ ನನ್ನನ್ನು ನೋಡಿ, “ನಿಮ್ಮ ಅತ್ತಿಗೆ ಗಟ್ಟಿ ಬಿಡಿ,” ಎಂದಳು. ನನಗೂ ಹೆಮ್ಮೆಯಾಯಿತು. ಬಟ್ಟೆಯ ಗಂಟು ಎತ್ತಿಕೊಂಡು ಬಂದೆ.

ಕೂಗುತ್ತಿದ್ದ ಮಂಚಗಳನ್ನೆಲ್ಲ ಮುಗಿಸಿ ಅವರು ಮೂಲೆಗೆ ಹೋದಾಗ ಅತ್ತಿಗೆಯ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ತರಬೇತಿಯ ಹುಡುಗಿ ಎದೆಬಡಿತದ ಯಂತ್ರವನ್ನು ಎಲ್ಲೆಲ್ಲಿ ಇಟ್ಟರೂ ಏನೂ ಕೇಳಲಿಲ್ಲ. ಅವಳ ಕೈಯಿಂದ ಅದನ್ನು ಕಸಿದುಕೊಂಡು ಅಮ್ಮ ತಾನೇ ಇಟ್ಟಳು. ಆಮೇಲೆ ನನ್ನನ್ನು ಕರೆದರು. ನಾನು ಓಡಿದಾಗ ಅತ್ತಿಗೆಯನ್ನು ತಳ್ಳುಗಾಡಿಯಲ್ಲಿ ಆಪರೇಷನ್ನಿಗೆ ಒಯ್ಯುತ್ತಿದ್ದರು. ಅವರ ತುಟಿ ಹರಿದು ರಕ್ತ ಒಸರುತ್ತಿತ್ತು. ಮಗುವಿಗೆ ರಕ್ತ ಒದಗಿಸುವ ಮಾಸು ಸಮಯಕ್ಕೆ ಮೊದಲೇ ಗರ್ಭಕೋಶದಿಂದ ಕಿತ್ತು ಬಂದು ಒಳಗೊಳಗೇ ರಕ್ತ ತುಂಬಿಕೊಂಡಿತ್ತು. ಹೊರಗೆ ಒಂದು ಕಲೆಯೂ ಇರಲಿಲ್ಲ. ಅತ್ತಿಗೆ ಉಳಿದರು. ಮಗು ಉಳಿಯಲಿಲ್ಲ. ಹೆಣ್ಣು. ತಲೆ ತುಂಬ ಕೂದಲಿತ್ತು.

ಅಮ್ಮ ಅದನ್ನು ತಾನೇ ಒರೆಸಿ, ತಾನೇ ಬಟ್ಟೆ ಸುತ್ತಿ ಅಣ್ಣನ ಕೈಗೆ ಕೊಟ್ಟಳು. ಪಾಳಿ ಮುಗಿಯುವವರೆಗೆ ವಾರ್ಡಿನಲ್ಲೇ ಇದ್ದಳು. ಆದರೆ ಆಮೇಲೆ ಅವಳ ದನಿ ಪಡಸಾಲೆಗೆ ಕೇಳಲಿಲ್ಲ.

ಅತ್ತಿಗೆ ಮನೆಗೆ ಬಂದ ಮೇಲೆ ಎದೆಹಾಲು ಇಳಿಯಿತು. ಮಗುವಿದೆಯೋ ಇಲ್ಲವೋ ಹಾಲಿಗೇನು ಗೊತ್ತು. ರವಿಕೆ ಒದ್ದೆ, ಮೇಲೆ ಹೊದ್ದ ಟವೆಲ್ ಒದ್ದೆ. ನಾನು ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ಎದೆಯ ಮೇಲಿಡುತ್ತಿದ್ದೆ. ಬಿಸಿಯಾದ ಬಟ್ಟೆ ತೆಗೆದು ಇನ್ನೊಂದು. ಅಜ್ಜಿ ಗಂಜಿ ಕಾಯಿಸಿ ತಂದು ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದಳು. ಒಳಗೆ ಬಂದರೆ ಏನಾದರೂ ಆಡಿಬಿಡುತ್ತೇನೆಂದು ಅವಳಿಗೇ ಭಯ. ಆದರೂ ಅಡುಗೆಮನೆಯಿಂದ ಆಡುತ್ತಿದ್ದಳು.

“ಬಾಯಿ ಇರಲಿಲ್ವಾ ಅವಳಿಗೆ? ಅತ್ತೆ ಅಲ್ಲೇ ಓಡಾಡ್ತಿದ್ಲು. ಒಂದು ಸಲ ಅಮ್ಮಾ ಅಂದಿದ್ರೆ ಸಾಕಿತ್ತು.”

“ಅಜ್ಜಿ, ಮೆಲ್ಲಗೆ.”

“ಏನು ಮೆಲ್ಲಗೆ? ಮನೇಲಿ ಹುರುಳಿಕಾಯಿ ದುಬಾರಿಯಾಯ್ತು ಅಂತ ಅರ್ಧ ದಿನ ಮಾತಾಡ್ತಾಳೆ. ಹೊಟ್ಟೆ ಒಡೀತಿದ್ದಾಗ ಸುಮ್ಮನಿದ್ಲಾ?”

ಅಣ್ಣ ಹೆಚ್ಚಿಗೆ ಕೆಲಸ ಹಿಡಿದುಕೊಂಡು ತಡವಾಗಿ ಬರತೊಡಗಿದ. ಬಂದರೆ ಗ್ರೀಸಿನ ಕೈ ತೊಳೆದದ್ದೇ ತೊಳೆದದ್ದು. ಹೆಂಡತಿಯ ಕೋಣೆಗೆ ಹೋಗಲು ಹೊತ್ತು ಹಾಕುತ್ತಿದ್ದ. ಒಮ್ಮೆ ಒಳಗಿಂದ ಅವನ ದನಿ ಏರಿತು.

“ಲಿಫ್ಟಲ್ಲಿ ಸಿಕ್ಕಿಕೊಂಡವರೂ ಗಂಟೆ ಒತ್ತುತ್ತಾರೆ ಕಣೇ! ನೀನು ಯಾಕೆ ಸುಮ್ಮನಿದ್ದೆ?”



ಅತ್ತಿಗೆ ಉತ್ತರ ಕೊಟ್ಟದ್ದು ನನಗೆ, ನಾನು ಕೇಳದೇ. ಎದೆಗೆ ಬಟ್ಟೆ ಬದಲಿಸುವಾಗ ಚಾವಣಿ ನೋಡುತ್ತ ಹೇಳಿದರು, “ನೋವು ಬಂದು ಹೋಗುತ್ತೆ ಅಂದಿದ್ರಿ ನೀವೆಲ್ಲ. ಇದು ಹೋಗ್ಲೇ ಇಲ್ಲ ಪುಟ್ಟಿ. ಬಂದಿದ್ದು ಹಾಗೇ ನಿಂತುಬಿಡ್ತು. ಎಲ್ಲರಿಗೂ ಹೀಗೇ ಇರುತ್ತೇನೋ ಅಂದುಕೊಂಡೆ. ಪಕ್ಕದ ಮಂಚದವಳು ಕೂಗಿದ್ಲು, ಅತ್ತೆ ಬಂದು ಬಾರಿಸಿದ್ರು. ಆ ಸದ್ದು ಕೇಳಿ ನಾನು ಸೆರಗು ಬಾಯಿಗೆ ತುರುಕಿಕೊಂಡೆ.”

ನಾನು ಬಿಸಿಯಾದ ಬಟ್ಟೆ ತೆಗೆದು ತಣ್ಣೀರಿಗೆ ಅದ್ದಿದೆ.

“ಆಮೇಲೆ ಅವರು ಎಲ್ಲರೆದುರು, ನನ್ನ ಸೊಸೆ ನೋಡಿ, ಅಂದುಬಿಟ್ರು. ಅಲ್ಲಿಂದ ಮುಂದೆ ಹೇಗೆ ಬಾಯಿ ಬಿಡಲಿ ಹೇಳು? ಎಷ್ಟು ಸಲ ನಾಲಿಗೆ ತುದಿಗೆ ಬಂತು.”

“ಅಣ್ಣನಿಗೆ ಹೇಳಿ ಅತ್ತಿಗೆ.”

“ಏನಂತ? ನಿಮ್ಮಮ್ಮನಿಂದ ಮಗು ಹೋಯ್ತು ಅಂತ ಅವರಿಗೆ ಹೇಳಲಾ? ಅವರು ತಾಯೀನ ಬಿಡ್ತಾರಾ, ನನ್ನನ್ನ ನಂಬ್ತಾರಾ? ಯಾವುದಾದ್ರೂ ಸರಿ, ಮನೆ ಎರಡಾಗುತ್ತೆ. ಮಗು ವಾಪಸ್ ಬರುತ್ತಾ? ನೀನೂ ಹೇಳಬೇಡ. ನಿನ್ನ ಕೆಲಸ ಅವರ ಕೈಲಿದೆ.”

ನಾನು ಹೇಳಲಿಲ್ಲ. ದಿನಗಳು ಹೋದವು. ಸೊಪ್ಪು ಬಿಡಿಸಿದೆ, ನೆಲ ಒರೆಸಿದೆ, ಪಾಳಿಗೆ ಹೋಗಿಬಂದೆ. ಅಮ್ಮ ಮಗುವಿಗೆಂದು ಹೆಣೆದಿದ್ದ ಟೊಪ್ಪಿ, ಕಾಲ್ಚೀಲಗಳನ್ನು ಒಯ್ದು ವಾರ್ಡಿನಲ್ಲಿ ಯಾರಿಗೋ ಕೊಟ್ಟುಬಂದಳು. ಬಚ್ಚಲಲ್ಲಿ ನಲ್ಲಿ ಬಿಟ್ಟು ಬಹಳ ಹೊತ್ತು ಇರುತ್ತಿದ್ದಳು. ಬಕೆಟ್ಟು ತುಂಬಿ ನೀರು ಹೊರಗೆ ಹರಿದು ಬರುತ್ತಿತ್ತು. ಅಜ್ಜಿ ಏನೂ ಅನ್ನದೆ ಬಟ್ಟೆ ತಂದು ಒರೆಸುತ್ತಿದ್ದಳು. ಒಂದು ಬೆಳಗ್ಗೆ ನಾನು ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತು ಬಾಯಿ ತೆರೆದೆ. ಅವಳು, “ಏನೇ?” ಎಂದಳು. “ಇಳಿಯೋ ಜಾಗ ಬಂತು,” ಎಂದೆ.

ಆಸ್ಪತ್ರೆಯಲ್ಲಿ ವಿಚಾರಣೆಯ ಸಭೆ ನಡೆಯಿತು. ಅಂದು ಅಮ್ಮ ಬೇಗ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು, “ಡಾಕ್ಟ್ರೂ ಅದೇ ಅಂದ್ರು. ಹೊರಗೆ ರಕ್ತ ಇಲ್ಲ, ತಾಯಿ ನೋವು ಅಂತ ಹೇಳಲಿಲ್ಲ. ಯಾರಿಗೆ ತಾನೇ ಗೊತ್ತಾಗುತ್ತೆ? ಯಾರ ತಪ್ಪೂ ಇಲ್ಲ ಅಂತ ಮುಗಿಸಿದ್ರು.”

“ಯಾರ ತಪ್ಪೂ ಇಲ್ಲ?” ಅಣ್ಣ ಕೇಳಿದ.

“ಹೇಳದೇ ಇದ್ದವಳದ್ದು ಅಂತ ಬಾಯಿಬಿಟ್ಟು ಅನ್ನೋಕಾಗುತ್ತಾ?”

ಕುರ್ಚಿಯೂ ಬಂತು. ಮುಂದಿನ ತಿಂಗಳಿಂದ ಅಮ್ಮ ಶಾಲೆಯ ಮುಖ್ಯಸ್ಥೆ. ಯಾರೂ ಸಿಹಿ ತರಲಿಲ್ಲ, ಅವಳೂ ಕೇಳಲಿಲ್ಲ. ಆದರೆ ಕೆಲಸವೆಂದರೆ ಅವಳಿಗೆ ಉಸಿರು. ಸಂಜೆ ಅಕ್ಕಿ ಆರಿಸುತ್ತ ಕೂತವಳು ನನಗೆ ಹೇಳಿದಳು, “ನಿನ್ನ ಒಪ್ಪಿಗೆಗೆ ಸಹಿ ಹಾಕಿ ಬಂದಿದ್ದೀನಿ. ದನಿ ಆಮೇಲೆ ಬರುತ್ತೆ. ಹೊಸ ಹುಡುಗೀರಿಗೆ ಮೊದಲ ಪಾಠ ಇದೇ ಹೇಳ್ತೀನಿ. ಯಾರು ಏನು ಅಂತ ಹೇಳಲ್ಲ ಬಿಡು. ಸುಮ್ಮನಿರೋ ತಾಯಿ ಮಗುವಿಗೆ ಶತ್ರು. ಅದು ಅವರಿಗೆ ಗೊತ್ತಿರಬೇಕು.”

ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ಮಡಚುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಆ ಬಟ್ಟೆ ಯಾಕೆಂದು ಊಟದ ಹೊತ್ತಿಗೆ ತಿಳಿಯಿತು. ಅಜ್ಜಿ ಅನ್ನ, ಬೇಳೆ, ಆಲೂಗಡ್ಡೆ ಬಡಿಸಿದ್ದಳು. ಅತ್ತಿಗೆಯೂ ಬಹಳ ದಿನಗಳ ಮೇಲೆ ಹೊರಗೆ ಬಂದು ನಮ್ಮ ಜೊತೆ ಕೂತಿದ್ದರು.

“ನಾಳೆ ಇವಳನ್ನ ಇವಳಪ್ಪನ ಮನೆಗೆ ಬಿಟ್ಟುಬರ್ತೀನಿ,” ಎಂದ ಅಣ್ಣ, ತಟ್ಟೆ ನೋಡುತ್ತ.

“ಎಷ್ಟು ದಿನಕ್ಕೆ?” ಅಜ್ಜಿ ಕೇಳಿದಳು.

“ಗೊತ್ತಿಲ್ಲ. ಇವಳ ಮುಖ ನೋಡಿದ್ರೆ ನನಗೆ ಅದೊಂದೇ ಪ್ರಶ್ನೆ. ಉತ್ತರ ಕೊಡಲ್ಲ ಇವಳು. ಹೀಗೆ ಹೇಗೆ ಸಂಸಾರ ಮಾಡೋದು?”

“ದುಡುಕಬೇಡ ಕಣೋ. ಇನ್ನೊಂದು ಆಗುತ್ತೆ,” ಎಂದಳು ಅಜ್ಜಿ. ಅವಳ ಸಿಟ್ಟು ಆಗಲೇ ಇಳಿದಿತ್ತು.

“ಇನ್ನೊಂದಕ್ಕೂ ಸುಮ್ಮನಿದ್ರೆ?”

ಅತ್ತಿಗೆ ಅನ್ನವನ್ನು ಬೆರಳಲ್ಲಿ ಕೂಡಿಸುತ್ತ, ಬಿಡಿಸುತ್ತ ಇದ್ದರು. ಅಮ್ಮ ಅವರ ಕಡೆ ತಿರುಗಿದಳು. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ.

“ನೀನೇ ಹೇಳಮ್ಮ. ನಾನು ಅಲ್ಲೇ ಇದ್ದೆ. ಕೈ ಎತ್ತಿದ್ರೂ ಬರ್ತಿದ್ದೆ. ನನ್ನ ಮೊಮ್ಮಗು ಅದು. ನನ್ನನ್ನ ಯಾಕೆ ಕರೀಲಿಲ್ಲ?”

ಅವಳು ನಿಜಕ್ಕೂ ಕೇಳುತ್ತಿದ್ದಳು. ಉತ್ತರ ಅವಳಿಗೆ ಗೊತ್ತಿರಲಿಲ್ಲ. ಅತ್ತಿಗೆ ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು.

“ನನ್ನದೇ ತಪ್ಪು ಅತ್ತೆ,” ಎಂದರು. “ನನಗೆ ಗೊತ್ತಾಗಲಿಲ್ಲ.”

ಅಣ್ಣ ತಟ್ಟೆ ತಳ್ಳಿ ಎದ್ದ. ಅಜ್ಜಿ ಅವನ ತೋಳು ಹಿಡಿದಳು. ಅಮ್ಮ ನಿಟ್ಟುಸಿರಿಟ್ಟು ಬೇಳೆಯ ಪಾತ್ರೆಗೆ ಕೈ ಚಾಚಿದಳು, ಆ ಮಾತು ಅಲ್ಲಿಗೆ ಮುಗಿಯಿತು ಎನ್ನುವಂತೆ. ನಾನು ಪಾತ್ರೆಯನ್ನು ಅವಳತ್ತ ಸರಿಸಲಿಲ್ಲ.

“ಅತ್ತಿಗೆ ಕೂಗದೇ ಇದ್ದಿದ್ದು ನಿನ್ನ ಏಟಿಗೆ ಹೆದರಿ, ಅಮ್ಮ,” ಎಂದೆ.